ರೆಸಿನ್ ಟರೆಟ್ ಯಾಕೆ ಕೂರುತ್ತಿಲ್ಲ? ಟಿ-55 ಕನ್ವರ್ಶನ್ ಕಿಟ್‌ನಲ್ಲಿ ದೋಷ ಹುಡುಕುವ ಬಗೆ

ಟ್ಯಾಂಕ್ ಮಾಡೆಲ್‌ನ ಟರೆಟ್, ಅಂದರೆ ತೋಪು ಹೊತ್ತು ತಿರುಗುವ ಮೇಲ್ಭಾಗ, ನೆಟ್ಟಗೆ ಕೂರಲೆಂದು ಎರಡು ಸಂಜೆ ಕೂತು ಉಜ್ಜಿದೆ. ಎಡಕ್ಕೆ ವಾಲುತ್ತಿದ್ದ ಟರೆಟ್ ಮೂರನೇ ದಿನ ಬಲಕ್ಕೆ ವಾಲಿತು. ಪುಣೆಯಿಂದ ಬಂದಿದ್ದ ಭಾವ ಚಹಾ ಹಿಡಿದುಕೊಂಡೇ ಬಗ್ಗಿ ನೋಡಿ, “ಏನೋ ಇದು, ನಿನ್ನ ಟ್ಯಾಂಕ ಕುತಿಗಿ ಓರೆ ಮಾಡ್ಕೊಂಡು ಕೂತದಲ್ಲೋ!” ಎಂದರು. ಭಾವ ಧಾರವಾಡದವರು. ಪುಣೆಯ ಕೋಥ್ರೂಡ್‌ನಲ್ಲಿ ಮೂವತ್ತು ವರ್ಷ ಇದ್ದರೂ ಮಾತು ಬದಲಾಗಿಲ್ಲ.

ಆಮೇಲೆ ಗೊತ್ತಾಯಿತು, ತಪ್ಪು ಟರೆಟ್‌ನದ್ದೇ ಅಲ್ಲ. ಕೆಳಗಿನ ಹಲ್, ಅಂದರೆ ಟ್ಯಾಂಕಿನ ಒಡಲು, ತಿರುಚಿಕೊಂಡಿತ್ತು. ತಿರುಚಿದ ಹಲ್‌ಗೆ ಸರಿಯಾಗಿ ನಾನು ಒಳ್ಳೆಯ ಟರೆಟ್‌ನ ತಳ ಉಜ್ಜಿದ್ದೆ. ಹಲ್ ನೆಟ್ಟಗೆ ಮಾಡಿದ ಕೂಡಲೇ ಟರೆಟ್ ಸೊಟ್ಟಗಾಯಿತು. ಕನ್ವರ್ಶನ್ ಕಿಟ್ ಎಂದರೆ ಒಂದು ಮಾಡೆಲನ್ನು ಇನ್ನೊಂದು ರೂಪಕ್ಕೆ ಬದಲಿಸುವ ಬಿಡಿಭಾಗಗಳ ಪೊಟ್ಟಣ. ಅದರ ಕೆಲಸದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ದೋಷ ಕಾಣುವುದು ಒಂದು ಕಡೆ, ಇರುವುದು ಇನ್ನೊಂದು ಕಡೆ. ಹಾಗಾಗಿ ಈ ಬರಹದಲ್ಲಿ ರಿಪೇರಿಗಿಂತ ಪತ್ತೆಯ ಮಾತೇ ಜಾಸ್ತಿ.

ನಾವಿಬ್ಬರೂ ಮಾಡುತ್ತಿದ್ದದ್ದು ಒಂದೇ ಮಾಡೆಲ್, 1/35 ಅಳತೆಯ, ಅಂದರೆ ನಿಜದ್ದರ ಮೂವತ್ತೈದನೇ ಒಂದು ಗಾತ್ರದ, ಭಾರತೀಯ ಸೇನೆಯ ಟಿ-55 ಟ್ಯಾಂಕ್. ಸೋವಿಯತ್ ಒಕ್ಕೂಟದಿಂದ ಬಂದಾಗ ಈ ಟ್ಯಾಂಕಿಗೆ 100 ಮಿ.ಮೀ. ತೋಪು ಇತ್ತು. ಮುಂದೆ ನಮ್ಮವರು ಅದನ್ನು ತೆಗೆದು 105 ಮಿ.ಮೀ. ತೋಪು ಕೂರಿಸಿದರು. ನಮ್ಮ ಸೇನೆಯ ವಿಜಯಂತ ಟ್ಯಾಂಕಿನಲ್ಲಿ ಇದ್ದದ್ದೂ 105 ಮಿ.ಮೀ. ತೋಪೇ. ಕಣ್ಣಿಗೆ ಬೀಳುವ ವ್ಯತ್ಯಾಸ ನಳಿಗೆಯಲ್ಲಿದೆ. 100ರದ್ದರಲ್ಲಿ ಹೊಗೆ ಹೀರುವ ಉಬ್ಬು ನಳಿಗೆಯ ತುದಿಯಲ್ಲಿರುತ್ತದೆ, 105ರದ್ದರಲ್ಲಿ ನಡುಭಾಗದಲ್ಲಿ. ಪ್ಲಾಸ್ಟಿಕ್ ಕಿಟ್‌ನಲ್ಲಿ ಸಿಗುವುದು ಸೋವಿಯತ್ ರೂಪ. ಭಾರತೀಯ ರೂಪ ಬೇಕಾದರೆ ರೆಸಿನ್ ಟರೆಟ್, ಹೊಸ ನಳಿಗೆ, ಒಂದಿಷ್ಟು ಹಿತ್ತಾಳೆ ಚೂರು ಇರುವ ಕನ್ವರ್ಶನ್ ಪೊಟ್ಟಣ ತರಿಸಬೇಕು. ಇವು ಸಣ್ಣ ಕೈಗಾರಿಕೆಯ ಮಾಲು. ರೆಸಿನ್ ಎಂದರೆ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ವಸ್ತು. ಅದನ್ನು ಸಿಲಿಕೋನ್ ಅಚ್ಚಿನಲ್ಲಿ ಕೈಯಿಂದ ಸುರಿದು ಮಾಡಿದವು. ಪ್ಲಾಸ್ಟಿಕ್ ಕಿಟ್‌ನಷ್ಟು ಕರಾರುವಾಕ್ಕು ಎಂದು ನಿರೀಕ್ಷಿಸಬೇಡಿ.

ಟರೆಟ್ ವಾಲುತ್ತಿದೆ ಅಥವಾ ಅಲುಗಾಡುತ್ತಿದೆ

ಅರ, ಗರಗಸ ಎಲ್ಲ ಡ್ರಾಯರ್ ಒಳಗೆ ಹಾಕಿ ಮುಚ್ಚಿ. ಮೊದಲು ಬೇಕಾದದ್ದು ಒಂದು ಗಾಜಿನ ತುಂಡು. ಹಳೆಯ ಫೋಟೋ ಫ್ರೇಮ್‌ನದ್ದಾದರೂ ಸಾಕು. ಹಲ್ ಅನ್ನು ಚಕ್ರ ಇಲ್ಲದೆ ಅದರ ಮೇಲಿಡಿ. ಒಂದೊಂದು ಮೂಲೆಯನ್ನೂ ಬೆರಳಿನಿಂದ ಮೆಲ್ಲಗೆ ಒತ್ತಿ. ಟಕ್ ಟಕ್ ಎಂದು ಕುಣಿದರೆ ಹಲ್ ತಿರುಚಿದೆ. ಕುಣಿಯದಿದ್ದರೂ ಮೂಲೆಗಳ ಕೆಳಗೆ ಜೆರಾಕ್ಸ್ ಕಾಗದ ತೂರಿಸಿ ನೋಡಿ. ಆ ಕಾಗದದ ದಪ್ಪ ಸುಮಾರು 0.1 ಮಿ.ಮೀ. ಒಂದು ಮೂಲೆಯಲ್ಲಿ ಮೂರು ಪದರ ಒಳಗೆ ಹೋಗಿ, ಉಳಿದ ಕಡೆ ಒಂದೂ ಹೋಗದಿದ್ದರೆ ನಿಮ್ಮ ಉತ್ತರ ಸಿಕ್ಕಿತು.

ಎರಡನೆಯದು ಬದಲಿ ಪರೀಕ್ಷೆ. ಮೂಲ ಕಿಟ್‌ನ ಪ್ಲಾಸ್ಟಿಕ್ ಟರೆಟ್ ಹೇಗೂ ಡಬ್ಬದಲ್ಲಿ ಸುಮ್ನೆ ಬಿದ್ದಿರುತ್ತದೆ, ಅಲ್ವಾ? ಅದರ ಎರಡು ಅರ್ಧಗಳನ್ನು ಟೇಪ್ ಹಚ್ಚಿ ಜೋಡಿಸಿ ಹಲ್ ಮೇಲೆ ಕೂರಿಸಿ. ಅದೂ ವಾಲಿದರೆ ರೆಸಿನ್ ಮೇಲೆ ಅನುಮಾನ ಬಿಡಿ. ಅದು ನೆಟ್ಟಗೆ ಕೂತು ರೆಸಿನ್‌ದು ಮಾತ್ರ ವಾಲಿದರೆ ಮುಂದಕ್ಕೆ ಹೋಗಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ರೆಸಿನ್ ಟರೆಟ್ ಕೂರಿಸಿ, ಸಂದು ದೊಡ್ಡದಾಗಿ ಕಾಣುವ ಕಡೆ ಟರೆಟ್ ಮೇಲೊಂದು, ಹಲ್ ಮೇಲೊಂದು ಪೆನ್ಸಿಲ್ ಗೆರೆ ಎಳೆಯಿರಿ. ಈಗ ಟರೆಟ್ ಅರ್ಧ ಸುತ್ತು ತಿರುಗಿಸಿ. ಸಂದು ಟರೆಟ್‌ನ ಗೆರೆಯ ಜತೆಗೇ ಹೋಯಿತೇ? ತಪ್ಪು ಟರೆಟ್ ತಳದಲ್ಲಿದೆ. ಹಲ್‌ನ ಗೆರೆ ಹತ್ತಿರವೇ ಉಳಿಯಿತೇ? ತಪ್ಪು ಹಲ್‌ನಲ್ಲಿದೆ. ತಿರುಗಿಸಿದಂತೆಲ್ಲ ಸಂದು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದರೆ ಎರಡರಲ್ಲೂ ಇದೆ. ಆಗ ಮೊದಲು ಹಲ್ ಸರಿಮಾಡಿ. ಈ ಕ್ರಮ ಮಾತ್ರ ತಪ್ಪಬೇಡಿ. ನಾನು ತಪ್ಪಿದ್ದಕ್ಕೇ ಭಾವನಿಂದ ಆ ಮಾತು ಕೇಳಬೇಕಾಯಿತು. ಈ ಪರೀಕ್ಷೆಗೆ ಎರಡು ನಿಮಿಷವೂ ಬೇಡ, ನಾನು ಉಜ್ಜಿದ್ದು ಎರಡು ಸಂಜೆ.

ಹಲ್ ತಿರುಚುವುದಕ್ಕೆ ಸಾಮಾನ್ಯ ಕಾರಣ ನಮ್ಮ ಅವಸರ. ಹಿಂಬದಿಯ ಪ್ಲೇಟ್ ಸರಿಯಾಗಿ ಕೂರದಿದ್ದರೆ ರಬ್ಬರ್ ಬ್ಯಾಂಡ್ ಬಿಗಿದು ಅಂಟು ಹಾಕುತ್ತೇವೆ. ಅಂಟು ಒಣಗುವ ಹೊತ್ತಿಗೆ ಬದಿಗಳು ಒಂದರ ಹಿಂದೊಂದು ಸರಿದಿರುತ್ತವೆ. ಪರಿಹಾರವೂ ಅಲ್ಲೇ ಇದೆ. ಅಂಟಿಸಿದ ಆ ಸಂದನ್ನು ತೆಳು ಬ್ಲೇಡಿನಿಂದ ನಿಧಾನವಾಗಿ ಬಿಡಿಸಿ. ಹಲ್ ಅನ್ನು ಗಾಜಿನ ಮೇಲೆ ಇಟ್ಟು, ಮೇಲೆ ಒಂದೆರಡು ದಪ್ಪ ಪುಸ್ತಕ ಹೇರಿ, ನಾಲ್ಕೂ ಮೂಲೆ ಗಾಜಿಗೆ ತಾಗಿದ ಮೇಲೆ ಮತ್ತೆ ಅಂಟು ಹಾಕಿ. ಒಳಮೂಲೆಗಳಿಗೆ ಕಿಟ್‌ನ ಚೌಕಟ್ಟಿನ ಕಡ್ಡಿ ಕತ್ತರಿಸಿ ಅಡ್ಡಕ್ಕೆ ಕೊಡಿ. ರಾತ್ರಿಯಿಡೀ ಮುಟ್ಟಬೇಡಿ.

ತಪ್ಪು ನಿಜವಾಗಿಯೂ ಟರೆಟ್ ತಳದ್ದೇ ಆದರೆ ಕೆಲಸ ಸುಲಭ. ಒರಟು ಸ್ಯಾಂಡ್‌ಪೇಪರ್ ಹಾಳೆಯನ್ನು ಅದೇ ಗಾಜಿಗೆ ಟೇಪ್ ಹಚ್ಚಿ ನೀರು ಹಾಕಿ. ಟರೆಟ್ ತಳಕ್ಕೆ ಪೆನ್ಸಿಲ್‌ನಲ್ಲಿ ಗೀಚಿ, ಎಂಟರ ಆಕಾರದಲ್ಲಿ ಉಜ್ಜಿ. ಎಲ್ಲ ಕಡೆ ಗೀಚು ಅಳಿಸಿದರೆ ತಳ ಸಮವಾಯಿತು. ನೀರು ಹಾಕಿ ಉಜ್ಜುವುದು ನುಣುಪಿಗಾಗಿ ಅಷ್ಟೇ ಅಲ್ಲ. ರೆಸಿನ್ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಒಣಗಿದ್ದನ್ನು ಉಜ್ಜಲೇಬೇಕಾದರೆ ಮಾಸ್ಕ್ ಹಾಕಿ. ಸಣ್ಣ ಫ್ಲ್ಯಾಟ್‌ಗಳಲ್ಲಿ, ಅದೂ ಮಕ್ಕಳು ಓಡಾಡುವ ಹಾಲ್‌ನಲ್ಲಿ ಕೂತು ಒಣ ರೆಸಿನ್ ಉಜ್ಜಬೇಡಿ.

ಟರೆಟ್ ರಿಂಗ್ ತೂತಿಗೆ ಹಿಡಿಸುತ್ತಿಲ್ಲ, ಅಥವಾ ಲಡಬಡ ಆಗುತ್ತಿದೆ

ರಿಂಗ್ ಎಂದರೆ ಟರೆಟ್ ಅಡಿಯಲ್ಲಿ ಹಲ್‌ನ ತೂತಿನೊಳಗೆ ಇಳಿಯುವ ದುಂಡನೆಯ ಅಂಚು. ವರ್ನಿಯರ್ ಕ್ಯಾಲಿಪರ್ ತೆಗೆಯಿರಿ. ಪ್ಲಾಸ್ಟಿಕ್‌ದಾದರೂ ಪರವಾಗಿಲ್ಲ. ನಿಜ ಟಿ-55ರ ಟರೆಟ್ ರಿಂಗ್ ಸುಮಾರು 1.8 ಮೀಟರ್ ಅಗಲ. 1/35ರಲ್ಲಿ ಅದು 51-52 ಮಿ.ಮೀ. ಆಗುತ್ತದೆ. ರಿಂಗನ್ನು ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ಎರಡು ಅಳತೆ ಬೇರೆ ಬಂದರೆ ರಿಂಗ್ ಮೊಟ್ಟೆಯಾಗಿದೆ, ಅಂದರೆ ಅಚ್ಚಿನಿಂದ ಬೇಗ ಕಿತ್ತಾಗ ಸೊಟ್ಟಗಾಗಿದೆ. ಎರಡೂ ಒಂದೇ ಆಗಿ ಸಣ್ಣದಾಗಿದ್ದರೆ ಇನ್ನೊಂದು ಪ್ರಶ್ನೆ ಕೇಳಿ. ಬರೀ ರಿಂಗ್ ಸಣ್ಣದೋ, ಎಲ್ಲವೂ ಸಣ್ಣದೋ?

ಇದಕ್ಕೆ ಉತ್ತರ ಮೂಲ ಕಿಟ್‌ನ ಟರೆಟ್ ಪಕ್ಕದಲ್ಲಿಟ್ಟರೆ ಸಿಗುತ್ತದೆ. ಮುಚ್ಚಳಗಳ ಅಗಲ, ಟರೆಟ್‌ನ ಒಟ್ಟು ಉದ್ದ, ಎತ್ತರ, ಮೂರು ನಾಲ್ಕು ಕಡೆ ಅಳೆದು ಬರೆದುಕೊಳ್ಳಿ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕಡಿಮೆ ಇದ್ದರೆ ರೆಸಿನ್ ಕುಗ್ಗಿದೆ. ಗಟ್ಟಿಯಾಗುವಾಗ ರೆಸಿನ್ ಸ್ವಲ್ಪ ಕುಗ್ಗುತ್ತದೆ. ಎರಕದ ತುಂಡಿನಿಂದಲೇ ಮತ್ತೊಂದು ಅಚ್ಚು ಮಾಡಿದ್ದರೆ ಅದು ಕುಗ್ಗಿದ್ದರ ಮೇಲೆ ಕುಗ್ಗು. 52 ಮಿ.ಮೀ.ನಲ್ಲಿ ನೂರಕ್ಕೆ ಒಂದು ಎಂದರೂ ಅರ್ಧ ಮಿ.ಮೀ. ಹೋಯಿತು. ಲಡಬಡ ಆಗುವುದಕ್ಕೆ ಅಷ್ಟು ಸಾಕು. ರಿಂಗ್ ಸುತ್ತ ತೆಳು ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅಂಟಿಸಿದರೆ ಮುಗಿಯಿತು.

ಉಳಿದದ್ದೆಲ್ಲ ಸರಿಯಿದ್ದು ರಿಂಗ್ ಒಂದೇ ಬೇರೆ ಇದ್ದರೆ, ಆ ಕನ್ವರ್ಶನ್ ಮಾಡಿದವರು ಬೇರೊಂದು ಕಂಪನಿಯ ಹಲ್ ಇಟ್ಟುಕೊಂಡು ಮಾಡಿದ್ದಾರೆ. ಪೊಟ್ಟಣದ ಮೇಲಿನ ಚೀಟಿಯಲ್ಲಿ ಯಾವ ಕಿಟ್‌ಗೆ ಎಂದು ಬರೆದಿರುತ್ತದೆ. ನಾವು ಓದಿರುವುದಿಲ್ಲ. 1/35 ಎಂದ ಮಾತ್ರಕ್ಕೆ ಎಲ್ಲ ಕಿಟ್ ಒಂದೇ ಅಳತೆ ಅಲ್ಲ. ಈ ಅಳತೆ ಬಂದ ಕಥೆಯೇ ಹಾಗಿದೆ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾಡೆಲ್ ಮಾಡಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಅದಕ್ಕೆ ತಕ್ಕ ಗಾತ್ರ ಆರಿಸಿದ ಮೇಲೆ ಲೆಕ್ಕ ಹಾಕಿದರೆ ಸುಮಾರು 1/35 ಬಂತು. ಮೋಟಾರು ಕಾಲದ ಹಳೆಯ ಕಿಟ್‌ಗಳಲ್ಲಿ ಹಲ್ ನಿಜಕ್ಕಿಂತ ಅಗಲ ಇರುವುದುಂಟು. ಅಂಥ ಹಲ್ ಮೇಲೆ ಕರಾರುವಾಕ್ಕಾದ ರೆಸಿನ್ ತುಂಡು ಕೂರಿಸಿದರೆ, ಅಪ್ಪನ ಅಂಗಿ ಮೇಲೆ ಮಗುವಿನ ಟೋಪಿ ಇಟ್ಟ ಹಾಗೆ.

ಭಾವನ ಕೇಸು ಮಾತ್ರ ಬೇರೆ. ಅವರು ರಿಂಗನ್ನೇ ಗರಗಸ ಹಾಕಿ ಕೊಯ್ದಿದ್ದರು. ಎರಕ ಸುರಿಯುವಾಗ ತುಂಡಿನ ಅಡಿ ಒಂದು ದಿಮ್ಮಿ ಉಳಿಯುತ್ತದೆ, ಅದನ್ನು ಕತ್ತರಿಸಿ ಬಿಸಾಡಬೇಕು. ಟರೆಟ್ ಅಡಿಯಲ್ಲಿ ದಪ್ಪನೆಯ ಅಂಚು ಕಂಡಿತು, ಇದೇ ದಿಮ್ಮಿ ಎಂದುಕೊಂಡರು. ಗುರುತಿಸುವುದು ಹೀಗೆ: ದಿಮ್ಮಿಯಲ್ಲಿ ಗುಳ್ಳೆ ಜಾಸ್ತಿ, ಅಂಚು ಒರಟು, ಯಾವ ವಿವರವೂ ಇರುವುದಿಲ್ಲ, ತುಂಡಿಗೆ ಸೇರುವ ಕಡೆ ಸಣ್ಣದಾಗಿರುತ್ತದೆ. ರಿಂಗ್ ದುಂಡಗೆ, ನುಣ್ಣಗೆ ಇರುತ್ತದೆ. ಇಷ್ಟಾಗಿಯೂ ಅನುಮಾನ ಇದ್ದರೆ ಮೂಲ ಕಿಟ್‌ನ ಟರೆಟ್ ಮಗುಚಿ ಪಕ್ಕದಲ್ಲಿಟ್ಟು ನೋಡಿ. ಭಾವ ಕೊನೆಗೆ ಮೂಲ ಟರೆಟ್‌ನ ತಳವನ್ನೇ ಕೊಯ್ದು ರೆಸಿನ್‌ಗೆ ಅಂಟಿಸಿದರು. ಸತ್ಯ ಹೇಳಬೇಕೆಂದರೆ ಈಗ ಅವರದ್ದೇ ನನ್ನದಕ್ಕಿಂತ ಚೆನ್ನಾಗಿ ತಿರುಗುತ್ತದೆ.

ಅಂಟಿಸಿದ್ದು ಕಿತ್ತು ಬರುತ್ತಿದೆ

ಕಿತ್ತ ತುಂಡನ್ನು ಕೂಡಲೇ ಮತ್ತೆ ಅಂಟಿಸಬೇಡಿ. ಎರಡೂ ಮುಖಗಳನ್ನು ದೀಪದ ಕೆಳಗೆ ಹಿಡಿದು ನೋಡಿ. ಏನು ನಡೆಯಿತೆಂದು ಅಲ್ಲೇ ಕಾಣುತ್ತದೆ.

ಪ್ಲಾಸ್ಟಿಕ್ ಕಡೆ ರೆಸಿನ್‌ನ ಮೈ ಅಚ್ಚೊತ್ತಿದಂತೆ ಮೂಡಿದೆ, ರೆಸಿನ್ ಮಾತ್ರ ಸ್ವಚ್ಛ ಇದೆ. ಹಾಗಿದ್ದರೆ ನೀವು ಪ್ಲಾಸ್ಟಿಕ್ ಸಿಮೆಂಟ್ ಬಳಸಿದ್ದೀರಿ. ಅದು ಪಾಲಿಸ್ಟೈರೀನ್ ಕರಗಿಸಿ ಬೆಸೆಯುವ ಅಂಟು. ರೆಸಿನ್ ಅದಕ್ಕೆ ಕರಗುವುದೇ ಇಲ್ಲ. ಕರಗಿದ ಪ್ಲಾಸ್ಟಿಕ್ ರೆಸಿನ್ ಸುತ್ತ ಗಟ್ಟಿಯಾಗುವುದರಿಂದ ಒಂದೆರಡು ದಿನ ಹಿಡಿದ ಹಾಗೆ ಕಾಣುತ್ತದೆ, ಅಷ್ಟೇ. ರೆಸಿನ್‌ಗೆ ಫೆವಿಕ್ವಿಕ್ ಥರದ ಸೂಪರ್ ಗ್ಲೂ ಬೇಕು, ಇಲ್ಲವೇ ಅರಾಲ್ಡೈಟ್ ಥರದ ಎರಡು ಟ್ಯೂಬಿನ ಎಪಾಕ್ಸಿ.

ಸೂಪರ್ ಗ್ಲೂ ಹಾಕಿಯೂ ಕಿತ್ತಿತು, ಅಂಟೆಲ್ಲ ಒಂದೇ ಕಡೆ ಉಳಿದಿದೆ ಎಂದರೆ, ಅಂಟು ಇಲ್ಲದ ಕಡೆ ಎಣ್ಣೆ ಪಸೆ ಇತ್ತು ಅಥವಾ ತೀರ ನುಣ್ಣಗಿತ್ತು. ತೊಳೆದು, ಸ್ವಲ್ಪ ಒರಟು ಮಾಡಿ. ಎರಡೂ ಕಡೆ ಅಂಟಿನ ಚೂರು ಇದ್ದರೆ ಅಂಟು ಹಿಡಿದಿತ್ತು, ಪೆಟ್ಟಿಗೆ ಮುರಿಯಿತು. ಸೂಪರ್ ಗ್ಲೂ ಎಳೆತ ತಡೆಯುತ್ತದೆ, ಬದಿಯಿಂದ ಬಿದ್ದ ಪೆಟ್ಟು ತಡೆಯುವುದಿಲ್ಲ. ಇಂಥ ಕಡೆ ಕೈ ಡ್ರಿಲ್‌ನಿಂದ ಎರಡೂ ಬದಿ ತೂತು ಕೊರೆದು ತಾಮ್ರದ ತಂತಿಯ ಪಿನ್ ಕೊಡಿ. ಹಳೆಯ ವಯರ್ ಬಿಚ್ಚಿದರೆ ತಂತಿ ಸಿಗುತ್ತದೆ. ಕೈ ಡ್ರಿಲ್ ಪುಣೆಯಲ್ಲಾದರೆ ಬೋಹರಿ ಆಳಿಯಲ್ಲಿ, ಮುಂಬೈಯಲ್ಲಾದರೆ ನಾಗದೇವಿ ಸ್ಟ್ರೀಟ್ ಕಡೆ ಹುಡುಕಿ.

ಇನ್ನೊಂದು ದೂರು ಮುಂಬೈ ಪಕ್ಕದ ನಮ್ಮೂರು ಠಾಣೆ ಕಡೆಯದು. ಜುಲೈನಲ್ಲಿ ಸೂಪರ್ ಗ್ಲೂ ಹಾಕಿದಲ್ಲಿ ಸುತ್ತ ಬಿಳಿ ಬೂದಿ ಬಡಿದ ಹಾಗೆ ಆಗುತ್ತದೆ. ಈ ಅಂಟು ಗಟ್ಟಿಯಾಗುವುದೇ ತೇವದಿಂದ. ಅದರ ಆವಿ ಗಾಳಿಯ ತೇವದೊಡನೆ ಸೇರಿ ಪಕ್ಕದಲ್ಲೇ ಬಿಳಿಯಾಗಿ ಕೂರುತ್ತದೆ. ಹಲ್ಲುಕಡ್ಡಿ ತುದಿಯಷ್ಟೇ ಅಂಟು ಹಾಕಿ, ಫ್ಯಾನ್ ಗಾಳಿ ಆಡಲಿ, ಒಣಗುವ ಮೊದಲು ಡಬ್ಬದೊಳಗೆ ಮುಚ್ಚಬೇಡಿ. ಬಣ್ಣದ ಕೆಳಗೆ ಹೋಗುವ ಜಾಗವಾದರೆ ತಲೆ ಕೆಡಿಸಿಕೊಳ್ಳುವುದೂ ಬೇಡ.

ಬಣ್ಣ ಸುಲಿಯುತ್ತಿದೆ

ರೆಸಿನ್ ತುಂಡಿನ ಮೇಲೆ ಮಾತ್ರ ಸುಲಿಯುತ್ತಿದೆಯೋ, ಪ್ಲಾಸ್ಟಿಕ್ ಮೇಲೂ ಸುಲಿಯುತ್ತಿದೆಯೋ? ಮೊದಲು ಇದನ್ನು ನೋಡಿ. ರೆಸಿನ್ ಮೇಲೆ ಮಾತ್ರವಾದರೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಇನ್ನೂ ಹೋಗಿಲ್ಲ. ಬಣ್ಣ ಹಾಕದ ಜಾಗಕ್ಕೆ ಒಂದು ಹನಿ ನೀರು ಬಿಡಿ. ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ನಿಂತರೆ ಜಿಡ್ಡು ಇದೆ. ಪಾತ್ರೆ ತೊಳೆಯುವ ಲಿಕ್ವಿಡ್, ಉಗುರು ಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಹಾಕಿ ಒರೆಸಲು ಹೋಗಬೇಡಿ. ಜೊತೆಗೆ ಪ್ಲಾಸ್ಟಿಕ್ ಅಂಟಿಸಿದ್ದರೆ ಅದರ ಮೈ ಬಿರಿಯುತ್ತದೆ.

ತೊಳೆದು ಎರಡು ದಿನವಾದರೂ ತುಂಡು ಕೈಗೆ ಅಂಟಂಟು ಎನಿಸಿದರೆ ಅದು ಜಿಡ್ಡಲ್ಲ. ರೆಸಿನ್‌ನ ಎರಡು ದ್ರವ ಸರಿಯಾಗಿ ಬೆರೆತಿಲ್ಲ, ಗಟ್ಟಿಯಾಗಿಲ್ಲ. ಅದಕ್ಕೆ ಮದ್ದಿಲ್ಲ. ಫೋಟೋ ತೆಗೆದು ಮಾರಿದವರಿಗೆ ಕಳಿಸಿ, ಬೇರೆ ತುಂಡು ಕೇಳಿ.

ಎಲ್ಲ ಕಡೆ ಸುಲಿದರೆ ಪ್ರೈಮರ್ ಅಥವಾ ಹವೆ ಮೇಲೆ ಅನುಮಾನ ಪಡಿ. ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಹಾಲಿನ ಪೊರೆ ಬಂದ ಹಾಗೆ ಬೆಳ್ಳಗಾಗುತ್ತದೆ. ಥಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಳಿಯುತ್ತದೆ. ಬರೀ ಥಿನ್ನರ್ ತೆಳ್ಳಗೆ ಸಿಂಪಡಿಸಿದರೆ ಕೆಲವೊಮ್ಮೆ ಪೊರೆ ಬಿಡುತ್ತದೆ. ಏರ್‌ಬ್ರಷ್‌ನಿಂದ ನಡುನಡುವೆ ನೀರಹನಿ ಉಗುಳಿದರೆ ಬಣ್ಣವನ್ನು ಬೈಯಬೇಡಿ, ಕಂಪ್ರೆಸರ್‌ನ ನೀರು ಹಿಡಿಯುವ ಬಟ್ಟಲು ತುಂಬಿದೆ. ಠಾಣೆಯಲ್ಲಿ ಜುಲೈನಲ್ಲಿ ನಾನು ಅದನ್ನು ಅರ್ಧ ಗಂಟೆಗೊಮ್ಮೆ ಖಾಲಿ ಮಾಡುತ್ತೇನೆ. ಕೋಥ್ರೂಡ್‌ನಲ್ಲಿ ಏಪ್ರಿಲ್‌ನಲ್ಲಿ ಬಣ್ಣ ಹಾಕುವ ಭಾವನಿಗೆ ಈ ಬಟ್ಟಲು ಯಾಕಿದೆ ಎಂಬುದೇ ಗೊತ್ತಿರಲಿಲ್ಲ.

ಗುಳ್ಳೆಗಳು

ಇದೂ ತೇವದ್ದೇ ಕೆಲಸ, ಆದರೆ ತಯಾರಾದಲ್ಲಿ. ಪಾಲಿಯುರೆಥೇನ್ ರೆಸಿನ್‌ನ ಒಂದು ದ್ರವಕ್ಕೆ ನೀರಿನಂಶ ತಾಗಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ನೊರೆ ಬರುತ್ತದೆ. ನೀವೇ ಸಣ್ಣ ತುಂಡು ಎರಕ ಹೊಯ್ಯುವವರಾದರೆ ಮುಂಬೈ ಮಳೆಗಾಲದಲ್ಲಿ ಬಾಟಲಿ ಮುಚ್ಚಳ ತೆರೆದಿಡಬೇಡಿ. ಕೊಂಡ ತುಂಡಿನಲ್ಲಾದರೆ ಟಾರ್ಚ್ ಬೆಳಕು ಅಡ್ಡಕ್ಕೆ ಬೀಳುವಂತೆ ಹಿಡಿದು, ಹಲ್ಲುಕಡ್ಡಿಯಿಂದ ಅಲ್ಲಲ್ಲಿ ಒತ್ತಿ ನೋಡಿ. ಮೇಲ್ಪದರದ ಕೆಳಗೆ ಅಡಗಿದ ಗುಳ್ಳೆ ಪಟ್ ಎಂದು ಒಡೆಯುತ್ತದೆ. ಬಣ್ಣ ಹಾಕಿದ ಮೇಲೆ ಒಡೆಯುವುದಕ್ಕಿಂತ ಈಗಲೇ ಒಡೆಯಲಿ. ತೂತಿಗೆ ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ತಕ್ಷಣ ಕಲ್ಲಾಗುತ್ತದೆ. ತಡಮಾಡದೆ ಉಜ್ಜಿ.

ಟರೆಟ್ ಮೈ ಒರಟಾಗಿದ್ದರೆ ಅದನ್ನೂ ದೋಷ ಎಂದು ನುಣ್ಣಗೆ ಮಾಡಬೇಡಿ. ಟಿ-55ರ ಟರೆಟ್ ಎರಕದ್ದು, ನಿಜವಾಗಿಯೂ ಒರಟೇ. ಅನುಮಾನವಿದ್ದರೆ ಪುಣೆಯಿಂದ ಸುಮಾರು 120 ಕಿ.ಮೀ. ದೂರದ ಅಹ್ಮದ್‌ನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ ಹೋಗಿ ಬನ್ನಿ. ಅಲ್ಲಿ 1994ರಲ್ಲಿ ಶುರುವಾದ ಸೇನೆಯ ಟ್ಯಾಂಕ್ ಮ್ಯೂಸಿಯಂ ಇದೆ. ಎರಕದ ಟರೆಟ್ ಹೇಗಿರುತ್ತದೆ, ಬೆಸುಗೆ ಹಾಕಿದ ತಗಡು ಹೇಗಿರುತ್ತದೆ ಎಂದು ಕಣ್ಣಾರೆ ಕಂಡರೆ ಸ್ಯಾಂಡ್‌ಪೇಪರ್ ತಾನಾಗಿ ಕೆಳಗಿಳಿಯುತ್ತದೆ.

ನಳಿಗೆ ಜೋತು ಬಿದ್ದಿದೆ

ರೆಸಿನ್ ನಳಿಗೆಯ ಕಥೆ ಇಷ್ಟೇ. ಬಿಸಿಗೆ ಮೆತ್ತಗಾಗುತ್ತದೆ, ತನ್ನ ಭಾರಕ್ಕೇ ಬಾಗುತ್ತದೆ. ಮೇ ತಿಂಗಳಲ್ಲಿ ಪುಣೆಯ ಪಶ್ಚಿಮದ ಕಿಟಕಿ ಪಕ್ಕದ ಶೋಕೇಸ್‌ನಲ್ಲಿಟ್ಟರೆ ಜೂನ್ ಹೊತ್ತಿಗೆ ಆನೆಯ ಸೊಂಡಿಲು. ಕೈ ಸುಡುವಷ್ಟು ಬಿಸಿನೀರಲ್ಲಿ ಅದ್ದಿ, ಗಾಜಿನ ಮೇಲೆ ಉರುಳಿಸಿ, ತಣ್ಣೀರಿಗೆ ಹಾಕಿದರೆ ನೆಟ್ಟಗಾಗುತ್ತದೆ. ಮುಂದಿನ ಮೇ ತಿಂಗಳಲ್ಲಿ ಮತ್ತೆ ಬಾಗುತ್ತದೆ. ಲೇತ್‌ನಲ್ಲಿ ತಿರುಗಿಸಿದ ಅಲ್ಯೂಮಿನಿಯಂ ನಳಿಗೆ ಕೊಳ್ಳಿ. ಕೊಳ್ಳುವಾಗ ಉಬ್ಬು ನಡುವೆ ಇದೆಯೇ, ತುದಿಯಲ್ಲಿದೆಯೇ ನೋಡಿ. ನಾನು ಮೊದಲ ಸಲ ನೋಡದೆ ತರಿಸಿ ಇನ್ನೊಂದು 100 ಮಿ.ಮೀ. ನಳಿಗೆ ಮನೆಗೆ ತಂದುಕೊಂಡೆ.

ಮಾಡೆಲ್ ಎತ್ತಿದರೆ ಟರೆಟ್ ಉದುರುತ್ತದೆ

ಮೂಲ ಕಿಟ್‌ನ ಟರೆಟ್‌ಗೆ ಎರಡು ಕಿವಿ ಇರುತ್ತವೆ, ತಿರುಗಿಸಿದರೆ ಹಲ್‌ಗೆ ಸಿಕ್ಕಿಕೊಳ್ಳುತ್ತದೆ. ರೆಸಿನ್ ಟರೆಟ್‌ಗೆ ಸಾಮಾನ್ಯವಾಗಿ ಕಿವಿ ಇರುವುದಿಲ್ಲ. ರೈಲಿನಲ್ಲಿ ಪುಣೆಗೆ ಒಯ್ಯುವಾಗ ನನ್ನದು ಡಬ್ಬದೊಳಗೆ ಉರುಳಾಡಿ ಎರಡು ಹಿಡಿಕೆ ಮುರಿದುಕೊಂಡಿತು. ಸುಲಭದ ದಾರಿ ಎಂದರೆ ಅಂಗಿಯ ಗುಂಡಿಯಷ್ಟು ಚಿಕ್ಕ ಅಯಸ್ಕಾಂತಗಳು. ಟರೆಟ್ ತಳಕ್ಕೊಂದು, ಹಲ್ ಒಳಗೆ ಅಡ್ಡಪಟ್ಟಿ ಕೊಟ್ಟು ಅದರ ಮೇಲೊಂದು.

ಅಂಟಿಸುವ ಮೊದಲು ಎರಡನ್ನೂ ಒಂದಕ್ಕೊಂದು ಹಚ್ಚಿ, ಹೊರಗಿನ ಎರಡು ಮುಖಕ್ಕೂ ಮಾರ್ಕರ್‌ನಿಂದ ಚುಕ್ಕೆ ಇಡಿ. ಚುಕ್ಕೆಯ ಮುಖಕ್ಕೇ ಅಂಟು. ಭಾವ ಚುಕ್ಕೆ ಇಡಲಿಲ್ಲ. ಅಂಟು ಒಣಗಿದ ಮೇಲೆ ಫೋನ್ ಬಂತು. “ಟರೆಟ್ ಕೂಡವಲ್ದೋ, ಒತ್ತಿದ್ರ ಜಿಗೀತದ!” ನಿಮಗೂ ಹೀಗಾದರೆ ಅಂಟು ಬಿಡಿಸಲು ನೇಲ್ ಪಾಲಿಶ್ ರಿಮೂವರ್ ಹಾಕಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಹಲ್ ಕರಗುತ್ತದೆ. ಹಲ್‌ನ ಹೊಟ್ಟೆಯಲ್ಲಿ, ಯಾರಿಗೂ ಕಾಣದ ಕಡೆ, ತೂತು ಕೊರೆಯಿರಿ. ಅಲ್ಲಿಂದ ಗಟ್ಟಿ ತಂತಿ ತೂರಿಸಿ ಅಡ್ಡಪಟ್ಟಿಯನ್ನು ಅಯಸ್ಕಾಂತದ ಸಮೇತ ಮೇಲಕ್ಕೆ ತಳ್ಳಿ ಕಳಚಿ. ಟರೆಟ್ ರಿಂಗಿನ ತೂತಿನಿಂದ ಹೊರಗೆ ತೆಗೆದು, ಮಗುಚಿ ಅಂಟಿಸಿ.